ಊರು ಬಿಟ್ಟರೂ ಬಿಡದ ಮದ್ದು

ಗಲ್ಫಿಗೆ ಹೊರಟ ಮಗನ ಪೆಟ್ಟಿಗೆಯಲ್ಲಿ ಉಪ್ಪಿನಕಾಯಿಯ ಜೊತೆ ಒಂದು ಪೊಟ್ಟಣ ಕಷಾಯದ ಪುಡಿಯನ್ನೂ ಇಡುವ ತಾಯಂದಿರು ನಮ್ಮಲ್ಲಿದ್ದಾರೆ. ಅಲ್ಲಿ ದೊಡ್ಡ ದೊಡ್ಡ ಆಸ್ಪತ್ರೆಗಳಿವೆ ಎಂಬುದು ಅವರಿಗೆ ಗೊತ್ತಿಲ್ಲವೆಂದಲ್ಲ. ಪರದೇಶಕ್ಕೆ ವಲಸೆ ಹೋದ ಚೀನೀಯರು ಇದನ್ನೇ ನೂರೈವತ್ತು ವರ್ಷಗಳಿಂದ ಮಾಡುತ್ತಿದ್ದಾರೆ. ಅದು ಬರೀ ಮೂಢನಂಬಿಕೆಯೇ? ಅಲ್ಲವೆಂದೇ ನನ್ನ ಅನಿಸಿಕೆ.

ಅಮೆರಿಕದ ಓರೆಗಾನ್ ರಾಜ್ಯದಲ್ಲಿ ಜಾನ್ ಡೇ ಎಂಬ ಸಣ್ಣ ಪಟ್ಟಣವಿದೆ. ಚಿನ್ನದ ಗಣಿಗಳಿಗೆ ದುಡಿಯಲು ಬಂದಿದ್ದ ಚೀನೀ ಕೂಲಿಗಳ ನಡುವೆ ಇಂಗ್ ಹೇ ಎಂಬ ವೈದ್ಯರು 1887ರಲ್ಲಿ ಅಲ್ಲಿ ನೆಲೆಸಿದರು. ಗೆಳೆಯ ಲುಂಗ್ ಆನ್ ಜೊತೆ ಅವರು ನಡೆಸಿದ ಕಮ್ ವಾ ಚುಂಗ್ ಅಂಗಡಿಯಲ್ಲಿ ದಿನಸಿಯೂ ಸಿಗುತ್ತಿತ್ತು, ಮದ್ದೂ ಸಿಗುತ್ತಿತ್ತು, ತಮ್ಮ ಭಾಷೆಯ ನಾಲ್ಕು ಮಾತೂ ಸಿಗುತ್ತಿತ್ತು. ಹೇ ನಾಡಿ ಹಿಡಿದು ರೋಗ ಹೇಳುತ್ತಿದ್ದರು. ಕ್ರಮೇಣ ಬಿಳಿಯರೂ ಅವರ ಬಳಿಗೆ ಬಂದರು. 1952ರಲ್ಲಿ ಅವರು ತೀರಿಕೊಂಡ ಬಳಿಕ ಅವರ ಮಂಚದ ಕೆಳಗೆ ನಗದು ಮಾಡಿಸದ ಸಾವಿರಾರು ಡಾಲರುಗಳ ಚೆಕ್ಕುಗಳು ಸಿಕ್ಕವು. ರೋಗಿಗಳು ಕೊಟ್ಟದ್ದನ್ನು ಅವರು ಹಾಗೆಯೇ ಇಟ್ಟುಬಿಟ್ಟಿದ್ದರು.

ಆ ಕಾಲದ ಚೀನೀಯರಿಗೆ ಬೇರೆ ದಾರಿಯಾದರೂ ಎಲ್ಲಿತ್ತು? ಚೀನೀ ಕಾರ್ಮಿಕರ ಪ್ರವೇಶವನ್ನೇ ಅಮೆರಿಕ 1882ರಲ್ಲಿ ಕಾನೂನು ಮಾಡಿ ತಡೆದಿತ್ತು. 1900ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪ್ಲೇಗ್ ಕಾಣಿಸಿದಾಗ ಚೀನೀ ಬಡಾವಣೆಯನ್ನು ದಿಗ್ಬಂಧನದಲ್ಲಿಟ್ಟರು; ಅಂಚಿನಲ್ಲಿದ್ದ ಬಿಳಿಯರ ಅಂಗಡಿಗಳನ್ನು ಮಾತ್ರ ಗೆರೆಯಿಂದ ಹೊರಗೆ ಬಿಟ್ಟರು. ಸರಕಾರಿ ವೈದ್ಯರನ್ನು ಕಂಡರೆ ಜನ ರೋಗಿಗಳನ್ನೇ ಅಡಗಿಸತೊಡಗಿದರು. ಅವಮಾನಿಸುವ ಕೈಯಿಂದ ಔಷಧ ತೆಗೆದುಕೊಳ್ಳಲು ಯಾರಿಗೂ ಮನಸ್ಸಾಗದು.

ಇಂದು ಆ ಕಾನೂನುಗಳಿಲ್ಲ. ಆದರೂ ಅಭ್ಯಾಸ ಉಳಿದಿದೆ. ಚಿಕಿತ್ಸೆಯ ಖರ್ಚು ಒಂದು ಕಾರಣ, ಭಾಷೆ ಇನ್ನೊಂದು. ಅದಕ್ಕಿಂತ ಆಳವಾದದ್ದು ಶರೀರವನ್ನು ಅರಿಯುವ ರೀತಿ. ನಮ್ಮ ಯುನಾನಿಯಲ್ಲಿ ಮಿಝಾಜ್ ಎನ್ನುತ್ತೇವಲ್ಲ, ಉಷ್ಣ-ಶೀತದ ಆ ಲೆಕ್ಕ ಚೀನೀ ವೈದ್ಯದಲ್ಲೂ ಇದೆ. ಹೆರಿಗೆಯಾದ ಹೆಣ್ಣು ಒಂದು ತಿಂಗಳು ತಣ್ಣನೆಯದನ್ನು ಮುಟ್ಟಬಾರದು, ಗಾಳಿಗೆ ಮೈಯೊಡ್ಡಬಾರದು ಎಂದು ಅವರ ಅಜ್ಜಿಯರು ಹೇಳುತ್ತಾರೆ. ನಮ್ಮ ನಲವತ್ತು ದಿನಗಳ ಬಾಣಂತನ ನೆನಪಾಗುತ್ತದೆ, ಅಲ್ಲವೇ? ಅಂಥವಳಿಗೆ ಅಮೆರಿಕದ ಆಸ್ಪತ್ರೆಯಲ್ಲಿ ಮಂಜುಗಡ್ಡೆ ಹಾಕಿದ ನೀರು ತಂದುಕೊಟ್ಟರೆ, ಇವರಿಗೆ ನನ್ನ ಶರೀರ ಅರ್ಥವಾಗಿಲ್ಲ ಎಂದೇ ಅವಳಿಗೆ ಅನಿಸುತ್ತದೆ.

ಹಾಗೆಂದು ಅವರು ಆಸ್ಪತ್ರೆಯನ್ನು ಬಿಟ್ಟವರಲ್ಲ. ಮೂಳೆ ಮುರಿದರೆ, ಶಸ್ತ್ರಚಿಕಿತ್ಸೆ ಬೇಕಾದರೆ ಅಲ್ಲಿಗೇ ಓಡುತ್ತಾರೆ. ಹಳೆಯ ನೋವು, ನಿದ್ರೆ, ಜೀರ್ಣದ ತೊಂದರೆಗೆ ಗಿಡಮೂಲಿಕೆ. ಅಪಾಯ ಇರುವುದು ಒಂದರ ವಿಷಯವನ್ನು ಇನ್ನೊಂದು ಕಡೆ ಹೇಳದಿರುವುದರಲ್ಲಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆಯ ಜೊತೆ ಡಾನ್‌ಶೆನ್ ಎಂಬ ಚೀನೀ ಬೇರು ಸೇರಿದರೆ ರಕ್ತಸ್ರಾವವಾಗಬಹುದು. ಗಿಡದ್ದು ಎಂದಮಾತ್ರಕ್ಕೆ ನಿರಪಾಯವೂ ಅಲ್ಲ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಗುಳಿಗೆಯಲ್ಲಿ ಅರಿಸ್ಟೊಲೋಕಿಯಾ ಎಂಬ ಚೀನೀ ಮೂಲಿಕೆ ಸೇರಿ ಅನೇಕ ಮಹಿಳೆಯರ ಮೂತ್ರಪಿಂಡಗಳೇ ಕೆಟ್ಟವು. ಆಸ್ಟ್ರೇಲಿಯಾ ಮಾಡಿದ್ದು ನನಗೆ ಮೆಚ್ಚುಗೆಯಾಗಿದೆ: 2012ರಿಂದ ಅಲ್ಲಿ ಚೀನೀ ವೈದ್ಯರು ರಾಷ್ಟ್ರಮಟ್ಟದಲ್ಲಿ ನೋಂದಾಯಿಸಿಕೊಳ್ಳಲೇಬೇಕು. ನಿಷೇಧವಿಲ್ಲ, ಲೆಕ್ಕವಿದೆ.

ಪರದೇಶದಲ್ಲಿರುವ ನಮ್ಮವರು ಚೀನೀ ಅಂಗಡಿಯ ಮದ್ದು ಕೊಳ್ಳುವುದುಂಟು. ಕೆಲವು ಟಾನಿಕ್‌ಗಳನ್ನು ಮದ್ಯದಲ್ಲಿ ನೆನೆಸಿರುತ್ತಾರೆ. ರಕ್ತಪುಷ್ಟಿಗೆಂದು ಮಾರುವ ಎಜಿಯಾವೊ ಕತ್ತೆಯ ಚರ್ಮದಿಂದ ಮಾಡಿದ್ದು. ಕೇಳಿ, ಓದಿ, ತಿಳಿದೇ ಕೊಳ್ಳಿ.

ಕಳೆದ ವರ್ಷ ನನ್ನ ದವಾಖಾನೆಗೆ ಬರುತ್ತಿದ್ದ ಹಿರಿಯರೊಬ್ಬರು ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದ ವಿಷಯವನ್ನು ಮೂರು ತಿಂಗಳು ಬಚ್ಚಿಟ್ಟಿದ್ದರು. ವಸಡಿನಲ್ಲಿ ರಕ್ತ ಬಂದಾಗ ಸೊಸೆ ಹೇಳಿದಳು. "ಹಕೀಮ್ ಸಾಹೇಬರು ಬೇಸರಪಟ್ಟಾರು ಅಂತ ಹೇಳಲಿಲ್ಲ" ಎಂದರು ಅವರು. ನನ್ನ ಮಾಜೂನಿನ ವಿಷಯವನ್ನು ಹೃದಯ ತಜ್ಞರಿಗೂ ಹೇಳಿರಲಿಲ್ಲ, ಕಾರಣ ಅದೇ. ಅಂದೇ ನನ್ನ ಮದ್ದು ನಿಲ್ಲಿಸಿ, ಅದರಲ್ಲಿ ಏನೇನಿತ್ತೆಂದು ಚೀಟಿಯಲ್ಲಿ ಬರೆದು ಅವರನ್ನು ಆ ವೈದ್ಯರ ಬಳಿಗೆ ಕಳುಹಿಸಿದೆ. ಈಗ ಅವರು ಬರುವಾಗ ಎರಡೂ ಕಡೆಯ ಮದ್ದನ್ನು ಒಂದೇ ಚೀಲದಲ್ಲಿ ತಂದು ನನ್ನ ಮೇಜಿನ ಮೇಲೆ ಸುರಿಯುತ್ತಾರೆ.