ಶ್ರವಣವೂ ಮನನವೂ

ಶ್ರವಣ, ಮನನ, ನಿದಿಧ್ಯಾಸನಗಳೆಂದು ವಿದ್ಯೆಗೆ ಮೂರು ಮೆಟ್ಟಿಲುಗಳನ್ನು ನಮ್ಮ ಹಿರಿಯರು ಹೇಳಿರುವರು. ಇವುಗಳಲ್ಲಿ ಮೊದಲನೆಯದು ಈಗ ಬಹು ಸುಲಭವಾಗಿರುವುದು. ಪಾಡ್‌ಕಾಸ್ಟ್ ಎಂಬ ಧ್ವನಿಸಂಚಿಕೆಗಳು ಮೊಬೈಲಿನ ಮೂಲಕ ಮನೆಮನೆಯನ್ನೂ ಹೊಕ್ಕಿರುವುವು. ಅಕ್ಕಿ ಆರಿಸುತ್ತಿರುವ ಗೃಹಿಣಿಯೂ ಸಂಜೆ ತಿರುಗಾಡಲು ಹೊರಟ ಯಜಮಾನನೂ ಪರದೇಶದ ಪಂಡಿತರ ಮಾತನ್ನು ಕುಳಿತಲ್ಲಿ, ನಡೆದಲ್ಲಿ ಕೇಳಬಹುದಾಗಿದೆ.

ಇವುಗಳ ಪೈಕಿ ಮನಶ್ಶಾಸ್ತ್ರವನ್ನು ಕುರಿತವು ಬಹುಜನಪ್ರಿಯವಾದುವು. ಶಂಕರ ವೇದಾಂತಂ ಅವರು ಅಮೆರಿಕದಲ್ಲಿ 2015ರಲ್ಲಿ ಆರಂಭಿಸಿದ ‘ಹಿಡನ್ ಬ್ರೇನ್’, ಯೇಲ್ ವಿಶ್ವವಿದ್ಯಾಲಯದ ಪ್ರಾಧ್ಯಾಪಿಕೆ ಲಾರೀ ಸ್ಯಾಂಟೋಸ್ ಅವರು 2019ರಲ್ಲಿ ತೊಡಗಿದ ‘ದಿ ಹ್ಯಾಪಿನೆಸ್ ಲ್ಯಾಬ್’ ಇವೆರಡೂ ಪ್ರಸಿದ್ಧವಾಗಿವೆ. ಇಂತಹವುಗಳಿಂದ ಉಪಕಾರವಿಲ್ಲದಿಲ್ಲ. ಮನೋವ್ಯಾಧಿಯನ್ನು ಗ್ರಹಚಾರವೆಂದು ಮುಚ್ಚಿಡುತ್ತಿದ್ದ ಮನೆಗಳಲ್ಲಿ ಆ ಮಾತನ್ನು ಬಾಯಿಬಿಟ್ಟು ಆಡುವ ಧೈರ್ಯವು ಬರುತ್ತಿರುವುದು ಸಾಮಾನ್ಯ ಲಾಭವಲ್ಲ.

ಆದರೆ ಕೇಳಿದ್ದೆಲ್ಲವೂ ಸಿದ್ಧಾಂತವೆಂದು ತಿಳಿಯತಕ್ಕದ್ದಲ್ಲ. ಮನಶ್ಶಾಸ್ತ್ರದ 100 ಪ್ರಯೋಗಗಳನ್ನು ವಿದ್ವಾಂಸರ ಒಂದು ದೊಡ್ಡ ತಂಡವು ಪುನಃ ನಡೆಸಿ, 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಫಲವನ್ನು ಪ್ರಕಟಿಸಿತು. ಮೂಲದಲ್ಲಿ ನೂರಕ್ಕೆ 97ರಷ್ಟು ಸಫಲವೆನಿಸಿದ್ದವು, ಎರಡನೆಯ ಪರೀಕ್ಷೆಯಲ್ಲಿ ನೂರಕ್ಕೆ 36ರಷ್ಟು ಮಾತ್ರ ನಿಂತುವು. ಇದರಿಂದ ಶಾಸ್ತ್ರವು ಸುಳ್ಳಾಗಲಿಲ್ಲ. ಒಂದೇ ಪ್ರಯೋಗವನ್ನು ನಂಬಿ ನಡೆಯಬಾರದೆಂಬುದು ಸ್ಪಷ್ಟವಾಯಿತು.

ಇನ್ನೊಂದು ಉದಾಹರಣೆಯು ಇದಕ್ಕಿಂತಲೂ ಗುರುತರವಾದುದು. 2022ರ ಜುಲೈಯಲ್ಲಿ ಲಂಡನ್ನಿನ ಜೊಆನಾ ಮಾಂಕ್ರಿಫ್ ಮತ್ತು ಸಂಗಡಿಗರು, ಮಿದುಳಿನಲ್ಲಿ ಸೆರಟೋನಿನ್ ಕಡಿಮೆಯಾಗುವುದೇ ಖಿನ್ನತೆಗೆ ಕಾರಣವೆಂಬುದಕ್ಕೆ ದೃಢವಾದ ಆಧಾರವಿಲ್ಲವೆಂದು ಬರೆದರು. ಈ ಸುದ್ದಿಯು ಕಿವಿಯಿಂದ ಕಿವಿಗೆ ಹರಡುವಾಗ, “ಹಾಗಾದರೆ ಖಿನ್ನತೆಯ ಮಾತ್ರೆಗಳೇ ವ್ಯರ್ಥ” ಎಂಬ ರೂಪವನ್ನು ತಾಳುವುದು ಸುಲಭ. ಆ ಪ್ರಬಂಧವು ಪರೀಕ್ಷಿಸಿದ್ದು ರೋಗದ ಕಾರಣವನ್ನೇ ಹೊರತು ಔಷಧದ ಫಲವನ್ನಲ್ಲ. ತಲೆನೋವು ಅಮೃತಾಂಜನದ ಕೊರತೆಯಿಂದ ಬರುವುದಿಲ್ಲ, ಹಚ್ಚಿದರೆ ಶಮನವಾಗುವುದುಂಟು. 522 ಪ್ರಯೋಗಗಳನ್ನೂ 1,16,477 ರೋಗಿಗಳನ್ನೂ ಒಳಗೊಂಡು 2018ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ವಿಮರ್ಶೆಯು, ಪರೀಕ್ಷಿಸಿದ 21 ಔಷಧಗಳೂ ಹುಸಿಮಾತ್ರೆಗಿಂತ ಮೇಲೆಂದು ಕಂಡಿತು, ಗುಣವು ಸರಾಸರಿಯಲ್ಲಿ ಸಾಧಾರಣವೆಂಬುದೂ ನಿಜವೇ. ಮಾತ್ರೆಯನ್ನು ಥಟ್ಟನೆ ಬಿಟ್ಟವರಿಗೆ ತಲೆಸುತ್ತು, ನಿದ್ರಾಭಂಗ, ತಳಮಳಗಳು ಬರಬಹುದು. ಬಿಟ್ಟ ರೋಗವು ಮರಳಬಹುದು. ಅರ್ಧ ಗಂಟೆಯ ಶ್ರವಣಕ್ಕೆ ಇಷ್ಟು ಬೆಲೆ ತೆರುವುದೆ?

ಆದುದರಿಂದ ಗೃಹಸ್ಥರು ಹೊಸ ಸಂಶೋಧನೆಯನ್ನು ಕೇಳಿದಾಗ ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಬೇಕೆಂದು ನಮ್ಮ ಸೂಚನೆ. ಎಷ್ಟು ಜನರನ್ನು, ಎಂತಹವರನ್ನು ಪರೀಕ್ಷಿಸಿದರು? ಬೇರೆಯವರು ಮತ್ತೆ ಮಾಡಿದಾಗ ಅದೇ ಫಲವು ಬಂದಿತೆ? ಹೇಳುವವರಿಗೆ ಏನಾದರೂ ಮಾರುವುದಿದೆಯೆ? ಈ ಪ್ರಶ್ನೆಗಳನ್ನು ಊಟವಾದ ಮೇಲೆ ಮನೆಮಂದಿಯೆಲ್ಲ ಕುಳಿತು ಚರ್ಚಿಸಿದರೆ ಅದೇ ಮನನವು. ಔಷಧವನ್ನು ಹೆಚ್ಚಿಸುವ, ಇಳಿಸುವ, ಬಿಡುವ ವಿಚಾರವನ್ನಾದರೋ ವೈದ್ಯರೊಡನೆಯೇ ಮಾಡತಕ್ಕದ್ದು.

ಮನೆಯಲ್ಲಿ ಯಾರಾದರೂ ಮನಸ್ಸಿನ ಸಂಕಟದಲ್ಲಿದ್ದರೆ, ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಇದೆ. 14416 ಸಂಖ್ಯೆಗೆ ಫೋನು ಮಾಡಿದರೆ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು. ಧ್ವನಿಸಂಚಿಕೆಯು ನಮಗೆ ಹೇಳುವುದೇ ಹೊರತು ನಮ್ಮ ಮಾತನ್ನು ಕೇಳಲಾರದು. ಕಷ್ಟದಲ್ಲಿರುವವರಿಗೆ ಕೇಳುವ ಕಿವಿಯೊಂದು ಬೇಕು. ಅದು ಮೊದಲು ಮನೆಯಲ್ಲಿಯೇ ದೊರೆಯುವಂತಾಗಲಿ.