ಗೂಡಿನ ಕಪ್ಪು, ಕೈಯಾಗಿನ ಕಾಲಮರಿ

ದಲಿತ ವಿಮರ್ಶೆ ಎಂದ ಕೂಡಲೇ ನಾವು ಕೃತಿ, ಪಾತ್ರ, ಭಾಷೆ ಎಂದು ಹೊರಡುತ್ತೇವೆ. ಆ ಪಾತ್ರ ಯಾವ ಕಪ್ಪಿನಲ್ಲಿ ಚಾ ಕುಡಿಯಿತು, ಕಾಲಲ್ಲಿ ಏನು ಮೆಟ್ಟಿತ್ತು ಎಂದು ಕೇಳುವುದು ಕಡಿಮೆ. ನನಗೆ ಇದು ಸಣ್ಣ ಪ್ರಶ್ನೆಯಾಗಿ ಕಂಡಿಲ್ಲ.

ನಮ್ಮದು ನವಲಗುಂದ ತಾಲೂಕಿನ ಎರೆಭೂಮಿಯ ಹಳ್ಳಿ. ಅಪ್ಪ ಮಿಣಿ, ಬಾರಕೋಲು, ಕಾಲಮರಿ ಮಾಡಿಕೊಡುತ್ತಿದ್ದ. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಜೋಳ ತರುತ್ತಿದ್ದ. ಕಾಲಮರಿ ಮಾಡಾಂವ ಅಂವನ, ಗೌಡರ ವಾಡೇದ ಮುಂದ ಅದನ್ನ ಕೈಯಾಗ ಹಿಡಕೊಂಡು ಹೋಗಾಂವನೂ ಅಂವನ. ಆ ವಸ್ತುವಿಗೆ ಮಾಡಿದವನ ಜಾತಿ ಅಂಟಿಕೊಂಡೇ ಇರುತ್ತಿತ್ತು.

ಕಾರ್ಖಾನೆಯ ಸಾಮಾನು ಹಾಗಲ್ಲ. ಚೀನಿಮಣ್ಣಿನ ಕಪ್ಪು-ಬಶಿ, ಅಲ್ಯುಮಿನಿಯಂ ಡಬರಿ, ರಬ್ಬರಿನ ಚಪ್ಪಲಿ ತಮ್ಮನ್ನು ಮಾಡಿದವರು ಯಾರೆಂದು ಹೇಳುವುದಿಲ್ಲ. ಅಣ್ಣಿಗೇರಿ ಸಂತೆಯಲ್ಲಿ ರೊಕ್ಕ ಕೊಟ್ಟವರಿಗೆಲ್ಲ ಸಿಗುತ್ತಿದ್ದವು. ಆದ್ದರಿಂದಲೇ ಊರು ಅವಕ್ಕೆ ಹೊಸದಾಗಿ ಜಾತಿ ಹಚ್ಚಬೇಕಾಯಿತು.

ಚಾದಂಗಡಿಯಲ್ಲಿ ನಾನು ಕಂಡದ್ದು ಇದು. ಎಲ್ಲ ಕಪ್ಪುಗಳೂ ಒಂದೇ ಪೆಟ್ಟಿಗೆಯಲ್ಲಿ ಬಂದವು. ಕಿವಿ ಮುರಿದದ್ದು ಹೊರಗೋಡೆಯ ಗೂಡಿಗೆ ಬೀಳುತ್ತಿತ್ತು, ಅದು ನಮ್ಮದು. ನಾವೇ ತೊಗೊಂಡು, ಮ್ಯಾಲಿಂದ ಹೊಯ್ಸಿಕೊಂಡು, ಕುಡಿದು, ತೊಳೆದು, ಮತ್ತೆ ಅಲ್ಲೇ ಇಡಬೇಕು. ಅಂಗಡಿಯವ ಅಪ್ಪನಿಗಿಂತ ಎಷ್ಟೋ ಸಣ್ಣವ, "ಏ, ತೊಳದ ಇಡಲೇ" ಅಂತಿದ್ದ. ಒಮ್ಮೆ ತಿರುಗಿ ಬರುವಾಗ ಅಪ್ಪ ಅಂದ: "ತಮ್ಮಾ, ಈ ಕಪ್ಪು ಭಟ್ಟ್ಯಾಗ ಸುಟ್ಟಾಂವ ಯಾರಂತ ಅಂವಗ ಗೊತ್ತೈತೇನು?"

ಬರೇ ನಮ್ಮೂರಿನ ಮಾತೆಂದು ಯಾರಾದರೂ ಅಂದಾರು. ೧೯೩೬ರ 'ಜಾತಿ ವಿನಾಶ'ದಲ್ಲಿ ಅಂಬೇಡ್ಕರ್ ಹಿಂದಿನ ವರ್ಷವಷ್ಟೇ ನಡೆದ ಸಂಗತಿಯೊಂದನ್ನು ಹೇಳುತ್ತಾರೆ. ಗುಜರಾತಿನ ಅಹಮದಾಬಾದ್ ಜಿಲ್ಲೆಯ ಹಳ್ಳಿಯಲ್ಲಿ ತಕ್ಕಮಟ್ಟಿಗೆ ಅನುಕೂಲಸ್ಥರಾದ ಅಸ್ಪೃಶ್ಯ ಹೆಣ್ಣುಮಕ್ಕಳು ಲೋಹದ ಕೊಡದಲ್ಲಿ ನೀರು ತಂದರು. ಸವರ್ಣೀಯರು ಅವರನ್ನು ಹೊಡೆದರು. ಕೆಣಕಿದ್ದು ಆ ಕೊಡದ ಲೋಹ. ಸಂವಿಧಾನದ ೧೭ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದ ಮೇಲೂ ೧೯೫೫ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ (೧೯೭೬ರಿಂದ ನಾಗರಿಕ ಹಕ್ಕು ಸಂರಕ್ಷಣಾ ಕಾಯಿದೆ) ತನ್ನ ೪ನೆಯ ಕಲಮಿನಲ್ಲಿ ಹೋಟೆಲಿನ ಪಾತ್ರೆಗಳನ್ನು ಬಿಡಿಸಿ ಹೇಳಬೇಕಾಯಿತು. ಕಾನೂನು ಕಪ್ಪಿನ ತನಕ ಇಳಿದು ಬಂತು. ನಮ್ಮ ವಿಮರ್ಶೆ ಇನ್ನೂ ಇಳಿದಿಲ್ಲ.

ಹಾಗಂತ ಕಾರ್ಖಾನೆ ನಮ್ಮನ್ನು ಬಿಡಿಸಿತು ಎನ್ನುವವರ ಮಾತನ್ನೂ ಪೂರ್ತಿ ಒಪ್ಪಲಾರೆ. ಬಾಟಾ ಕಂಪನಿ ೧೯೩೦ರ ದಶಕದಲ್ಲೇ ಕಲಕತ್ತೆಯ ಬಳಿ ಬಾಟಾನಗರ ಕಟ್ಟಿತ್ತು. ಅಂಥ ಕಾರ್ಖಾನೆಗಳ ರಬ್ಬರ್ ಚಪ್ಪಲಿ ನಮ್ಮ ಕಡೆ ಹಬ್ಬಿದಂತೆ ಅಪ್ಪನ ಆಯ ಇಳಿಯಿತು. (ಎರೆಮಣ್ಣು ಹಸಿಯಾದರೆ ಆ ಚಪ್ಪಲಿ ಅಲ್ಲೇ, ಕಾಲಷ್ಟೇ ಮ್ಯಾಲೆ, ಅದು ಬೇರೆ ಮಾತು.) ಕೈಕಸಬು ಹೋಯಿತು. ಸತ್ತ ದನ ಎಳೆಯುವ ಕೆಲಸ ಮಾತ್ರ ಕೇರಿಗೇ ಉಳಿಯಿತು.

ಅವ್ವ ಒಂದು ವರ್ಷ ಅದೇ ಸಂತೆಯಿಂದ ಆರು ಕಪ್ಪು-ಬಶಿ ತಂದಳು, ಸಾಲಿ ಮಾಸ್ತರರು ಬಂದರ ಕೊಡಾಕ. ಮಾಸ್ತರರು ಬರುತ್ತಿದ್ದರು, ಕಟ್ಟೆಯ ಹತ್ತಿರ ನಿಂತೇ ಮಾತಾಡಿ, "ಚಾ ಈಗ ಆತವಾ" ಅಂದು ಹೋಗುತ್ತಿದ್ದರು. ಆರರಲ್ಲಿ ಒಂದೂ ಒಡೆದಿಲ್ಲ. ಈಗ ನನ್ನ ಮನೆಯಲ್ಲಿವೆ.