ಮಳೆ ರಜೆಗೆ ಮಕ್ಕಳ ಕೈಗೊಂದು ಕೆಲಸ

ಮಳೆಗಾಲ ಶುರುವಾದರೆ ನಮ್ಮ ಕರಾವಳಿಯ ಮಕ್ಕಳು ಕಾಯುವುದು ಒಂದೇ ಸುದ್ದಿಗೆ: ‘ನಾಳೆ ರಜೆ ಉಂಟಾ?’ ಜಿಲ್ಲಾಧಿಕಾರಿಗಳ ಆದೇಶ ವಾಟ್ಸ್‌ಆ್ಯಪ್‌ನಲ್ಲಿ ಬಂದ ಕೂಡಲೇ ಮನೆಯಲ್ಲಿ ಸಂಭ್ರಮ. ಆ ಸಂಭ್ರಮ ಇರುವುದು ಮರುದಿನ ಬೆಳಿಗ್ಗೆ 10 ಗಂಟೆಯವರೆಗೆ ಮಾತ್ರ. ಹೊರಗೆ ಧೋ ಎಂದು ಮಳೆ, ಅಂಗಳಕ್ಕೆ ಇಳಿಯುವ ಹಾಗಿಲ್ಲ, ಕರೆಂಟು ಹೋಗ್ತದೆ, ಬರ್ತದೆ. ಆಮೇಲೆ ಶುರುವಾಗುವುದು ಒಂದೇ ರಾಗ: ‘ಉಮ್ಮಾ, ಬೋರಾಗ್ತದೆ, ಮೊಬೈಲ್ ಕೊಡಿ.’

ಮೊಬೈಲ್ ಕೊಟ್ಟರೆ ಮನೆ ನಿಶ್ಶಬ್ದವಾಗುತ್ತದೆ, ನಿಜ. ಆದರೆ ಸಂಜೆ ಅದನ್ನು ವಾಪಸ್ ತೆಗೆದುಕೊಳ್ಳುವಾಗ ಆಗುವ ಗಲಾಟೆ ಎಲ್ಲ ತಾಯಂದಿರಿಗೂ ಗೊತ್ತು. ಆಟಿಕೆ ತಂದುಕೊಡೋಣವೆಂದರೆ ಜೂನ್, ಜುಲೈ ತಿಂಗಳು ಕೈ ಖಾಲಿಯಾಗುವ ಹೊತ್ತು. ಪುಸ್ತಕ, ಸಮವಸ್ತ್ರ, ಕೊಡೆ, ಚಪ್ಪಲಿ, ಶಾಲಾ ವಾಹನದ ಬಾಡಿಗೆ, ಒಂದಾದ ಮೇಲೆ ಒಂದು ಖರ್ಚು. ಮನೆಯ ಯಜಮಾನ ಗಲ್ಫ್‌ನಲ್ಲಿರಲಿ, ಊರಿನಲ್ಲಿ ದುಡಿಯಲಿ, ಈ ಎರಡು ತಿಂಗಳ ಲೆಕ್ಕ ಎಲ್ಲರಿಗೂ ಒಂದೇ.

ಹಾಗಾದರೆ ಏನು ಮಾಡುವುದು? ಹೊಸದಾಗಿ ಏನನ್ನೂ ತರಬೇಕಾಗಿಲ್ಲ. ಮನೆಯಲ್ಲಿ ಇರುವುದನ್ನೇ ಮಕ್ಕಳ ಕೈಗೆ ಕೊಡಿ. ಮಕ್ಕಳಿಗೆ ನಿಜವಾಗಿ ಬೇಕಾಗಿರುವುದು ಆಟಿಕೆಗಿಂತ ಹೆಚ್ಚಾಗಿ ಒಂದು ‘ಕೆಲಸ’. ತಾನು ಮಾಡಿದ್ದನ್ನು ಮನೆಯವರು ಬಳಸಿದರು, ತಿಂದರು, ಚೆನ್ನಾಗಿದೆ ಅಂದರು ಎಂಬ ಖುಷಿ ಅಂಗಡಿಯಲ್ಲಿ ಸಿಗುವುದಿಲ್ಲ.

ಮೊದಲು ಅಂಟು ಮಾಡಿ

ಕಾಗದದ ಕೆಲಸಕ್ಕೆ ಅಂಟು ಬೇಕೇ ಬೇಕು. ಅಂಗಡಿಯ ಗಮ್ ಬಾಟಲಿ ಮಕ್ಕಳ ಕೈಯಲ್ಲಿ ಒಂದೇ ದಿನದಲ್ಲಿ ಮುಗಿಯುತ್ತದೆ. 2 ದೊಡ್ಡ ಚಮಚ ಮೈದಾವನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ. ಸಣ್ಣ ಉರಿಯಲ್ಲಿಟ್ಟು ತಿರುವುತ್ತಾ ಇರಿ. ಬಿಳಿ ಬಣ್ಣ ಹೋಗಿ ಸ್ವಲ್ಪ ಪಾರದರ್ಶಕವಾಗಿ ದಪ್ಪಗಾದಾಗ ಇಳಿಸಿ, ಆರಲು ಬಿಡಿ. ಅಷ್ಟೇ. ಹಿಂದೆ ಪೋಸ್ಟರ್ ಅಂಟಿಸುವವರು ಹುಳ ಹಿಡಿಯದಂತೆ ಇದಕ್ಕೆ ಮೈಲುತುತ್ತು ಹಾಕುತ್ತಿದ್ದರು. ಅದು ವಿಷ, ಮನೆಯಲ್ಲಿ ಬೇಡವೇ ಬೇಡ. ಬೇಕಾದಷ್ಟೇ ಮಾಡಿ, ಎರಡು ದಿನದಲ್ಲಿ ಮುಗಿಸಿದರೆ ಸಾಕು.

ಹಳೆ ಪೇಪರಿನ ಚೀಲ

ಈ ಅಂಟಿನಿಂದ ಮೊದಲು ಮಾಡಬಹುದಾದದ್ದು ಚೀಲ. ಪತ್ರಿಕೆಯ ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಅಂಟಿಸಿ ಗಟ್ಟಿ ಮಾಡಿಕೊಳ್ಳಿ. ಎರಡು ಬದಿಗಳನ್ನು ನಡುವಿಗೆ ಮಡಚಿ, ಎರಡು ಬೆರಳಷ್ಟು ಒಂದರ ಮೇಲೊಂದು ಬರುವಂತೆ ಅಂಟಿಸಿದರೆ ಕೊಳವೆಯಂತಾಗುತ್ತದೆ. ಕೆಳಭಾಗವನ್ನು ನಾಲ್ಕು ಬೆರಳಷ್ಟು ಮೇಲಕ್ಕೆ ಮಡಚಿ, ಆ ಮಡಿಕೆಯನ್ನು ಬಿಡಿಸಿ ಎರಡು ಮೂಲೆಗಳನ್ನು ತ್ರಿಕೋನವಾಗಿ ಒತ್ತಿ. ಮೇಲಿನ ಅಂಚು, ಕೆಳಗಿನ ಅಂಚು ಎರಡನ್ನೂ ಒಳಕ್ಕೆ ಮಡಚಿ ಅಂಟಿಸಿದರೆ ತಳ ಸಿದ್ಧ. ಒಳಗೆ ಹಳೆ ನೋಟ್ ಪುಸ್ತಕದ ರಟ್ಟು ಇಟ್ಟರೆ ತಳ ಗಟ್ಟಿ. ಬಾಯಿಯ ಹತ್ತಿರ ತೂತು ಮಾಡಿ ಹುರಿಹಗ್ಗ ಕಟ್ಟಿದರೆ ಹಿಡಿಕೆ. 8 ವರ್ಷದ ಮಗು ಮೊದಲ ಚೀಲಕ್ಕೆ ಅರ್ಧ ಗಂಟೆ ತೆಗೆದುಕೊಂಡರೂ ನಾಲ್ಕನೆಯದನ್ನು ಸಲೀಸಾಗಿ ಮುಗಿಸುತ್ತದೆ.

ಹಳೆ ಬಟ್ಟೆ, ಪುಸ್ತಕ, ನೆರೆಮನೆಗೆ ಕೊಡುವ ಕಾಯಿ ಇವಕ್ಕೆಲ್ಲ ಪ್ಲಾಸ್ಟಿಕ್ ತೊಟ್ಟೆಯ ಬದಲು ಇದೇ ಸಾಕು. ಆದರೆ ತಿಂಡಿ ಹಾಕಲು ಮಾತ್ರ ಬೇಡ. ಮುದ್ರಣದ ಶಾಯಿಯಲ್ಲಿ ಆರೋಗ್ಯಕ್ಕೆ ಕೆಟ್ಟದಾದ ರಾಸಾಯನಿಕಗಳಿರುವುದರಿಂದ ಆಹಾರವನ್ನು ಪತ್ರಿಕೆಯಲ್ಲಿ ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಎಣ್ಣೆಯಿಂದ ತೆಗೆದ ಪೋಡಿಯನ್ನು ಪೇಪರಿನ ಮೇಲೆ ಹಾಕುವ ಅಭ್ಯಾಸವಿದ್ದರೆ ಅದನ್ನೂ ಬಿಡಿ, ಜಾಲರಿ ತಟ್ಟೆ ಅಥವಾ ಬಾಳೆಲೆ ಬಳಸಿ.

ಅರಿಶಿನದ ಜಾದೂ ಕಾಗದ

ಸಾರು ಚೆಲ್ಲಿದ ಬಿಳಿ ಬಟ್ಟೆಗೆ ಸೋಪು ಹಾಕಿದರೆ ಕಲೆ ಕೆಂಪಾಗುವುದನ್ನು ನೀವೆಲ್ಲ ನೋಡಿದ್ದೀರಿ. ಅದನ್ನೇ ಆಟ ಮಾಡಬಹುದು. ಅರ್ಧ ಚಮಚ ಅರಿಶಿನ ಪುಡಿಯನ್ನು ಎರಡು ಚಮಚ ನೀರಿನಲ್ಲಿ ಕಲಸಿ ಬಿಳಿ ಕಾಗದಕ್ಕೆ ಹಚ್ಚಿ ಒಣಗಿಸಿ. ಬಟ್ಟೆ ಒಗೆಯುವ ಸೋಪನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ. ಹಿಡಿಸೂಡಿಯ ಒಂದು ಕಡ್ಡಿಗೆ ಹತ್ತಿ ಸುತ್ತಿ, ಸೋಪು ನೀರಿನಲ್ಲಿ ಅದ್ದಿ ಹಳದಿ ಕಾಗದದ ಮೇಲೆ ಹೆಸರು ಬರೆಯಲಿ. ಅಕ್ಷರ ಕೆಂಪಾಗಿ ಮೂಡುತ್ತದೆ. ಅದರ ಮೇಲೆ ಲಿಂಬೆರಸ ಹಚ್ಚಿದರೆ ಮತ್ತೆ ಹಳದಿ! ಸೋಪು ಕ್ಷಾರ, ಲಿಂಬೆ ಆಮ್ಲ. ಹೈಸ್ಕೂಲಿನಲ್ಲಿ ಬರುವ ಪಾಠ ಐದನೇ ಕ್ಲಾಸಿನ ಮಗುವಿಗೆ ಅಡುಗೆ ಕೋಣೆಯಲ್ಲೇ ಅರ್ಥವಾಗುತ್ತದೆ.

ಬೇಲಿಯಲ್ಲಿ ಶಂಖಪುಷ್ಪ ಇದ್ದರೆ ನೀಲಿ ಹೂವನ್ನು ಬಿಸಿನೀರಿನಲ್ಲಿ ನೆನೆಸಿ. ಆ ನೀಲಿ ನೀರಿಗೆ ಲಿಂಬೆ ಹಿಂಡಿದರೆ ನೇರಳೆಗೆ ತಿರುಗುತ್ತದೆ. ಬಸಳೆ ಚಪ್ಪರದಲ್ಲಿ ಕಪ್ಪಾಗಿ ಹಣ್ಣಾದ ಕಾಯಿಗಳನ್ನು ಹಿಂಡಿದರೆ ಒಳ್ಳೆಯ ನೇರಳೆ ಬಣ್ಣ. ಬೀಟ್‌ರೂಟ್ ಸಿಪ್ಪೆ ಕುದಿಸಿದ ನೀರು ಗುಲಾಬಿ. ಇಷ್ಟು ಬಣ್ಣಗಳಿದ್ದರೆ ಪೆರ್ನಾಲ್‌ಗೆ ಕೊಡುವ ಶುಭಾಶಯ ಕಾರ್ಡುಗಳನ್ನು ಮಕ್ಕಳೇ ಮಾಡಬಹುದು. ಬಟ್ಟೆಗೆ ತಾಗಿದರೆ ಕಲೆ ಹೋಗುವುದು ಕಷ್ಟ, ಹಳೆ ಅಂಗಿ ಹಾಕಿಸಿ ಕೂರಿಸಿ, ಆಯ್ತಾ?

ಮಡಲು, ಗೆರಟೆ, ಅಜ್ಜಿ

ಗಾಳಿಮಳೆಗೆ ಅಂಗಳದಲ್ಲಿ ತೆಂಗಿನ ಮಡಲು ಬಿದ್ದೇ ಬೀಳುತ್ತದೆ. ಒಲೆಗೆ ಹಾಕುವ ಮೊದಲು ಹಸಿರಾಗಿರುವ ಒಂದೆರಡು ಗರಿಗಳನ್ನು ಮಕ್ಕಳಿಗೆ ಕೊಡಿ. ಸುಲಭವಾದದ್ದು ಪೀಪಿ. ನಡುವಿನ ಕಡ್ಡಿ ತೆಗೆದು ಗರಿಯ ಒಂದು ಪಟ್ಟಿಯನ್ನು ಬೆರಳಿನ ತುದಿಯಷ್ಟು ಸಣ್ಣದಾಗಿ ಸುತ್ತಲು ಶುರುಮಾಡಿ. ಪ್ರತಿ ಸುತ್ತು ಹಿಂದಿನ ಸುತ್ತಿನ ಅರ್ಧವನ್ನು ಮುಚ್ಚುವ ಹಾಗೆ ಓರೆಯಾಗಿ ಸುತ್ತುತ್ತಾ ಹೋದರೆ ಬಾಯಿ ಅಗಲವಾಗುತ್ತಾ ಹೋಗುತ್ತದೆ. ಕೊನೆಯಲ್ಲಿ ಬಿಚ್ಚಿಕೊಳ್ಳದಂತೆ ಕಡ್ಡಿ ಚುಚ್ಚಿ. ಸಣ್ಣ ತುದಿಯನ್ನು ಸ್ವಲ್ಪ ಚಪ್ಪಟೆ ಮಾಡಿ ಊದಿದರೆ ಸದ್ದು ಬರುತ್ತದೆ.

ಗಿರಿಗಿಟ್ಲೆ, ವಾಚು, ಹಾವು, ಚೆಂಡು ಇವನ್ನು ಮಾತ್ರ ಪೇಪರಿನಲ್ಲಿ ಬರೆದು ಕಲಿಸಲು ಆಗುವುದಿಲ್ಲ. ಕೈ ನೋಡಿಯೇ ಕಲಿಯಬೇಕು. ಇಲ್ಲಿಯೇ ಮನೆಯ ಅಜ್ಜಿ ಅಜ್ಜಂದಿರ ಅಗತ್ಯ ಬರುವುದು. ಎಷ್ಟೋ ಮನೆಗಳಲ್ಲಿ ಹಿರಿಯರು ಒಂದು ಕೋಣೆಯಲ್ಲಿ, ಮಕ್ಕಳು ಇನ್ನೊಂದರಲ್ಲಿ. ಮಾತಿಗೆ ವಿಷಯವೇ ಇಲ್ಲ. ಒಂದು ಗರಿ ಅವರ ಕೈಗೆ ಕೊಟ್ಟು ನೋಡಿ. ‘ಮರೆತು ಹೋಗಿದೆ’ ಅನ್ನುತ್ತಲೇ ಬೆರಳು ತಾನಾಗಿ ಮಡಚಲು ಶುರುಮಾಡುತ್ತದೆ. ಗರಿಯ ಜೊತೆಗೆ ಹಳೆಯ ಕಥೆ ಬರುತ್ತದೆ, ಈಗಿನ ಮಕ್ಕಳ ಬಾಯಲ್ಲಿ ಕೇಳಿಸದ ಎಷ್ಟೋ ಬ್ಯಾರಿ ಶಬ್ದಗಳೂ ಬರುತ್ತವೆ. ಅವರ ಕಾಲಕ್ಕೇ ಇದು ಮುಗಿದುಹೋದರೆ ಆಮೇಲೆ ಕೇಳುವುದು ಯಾರಲ್ಲಿ?

ಗೆರಟೆಯಿಂದ ನಡಿಗೆ ಆಟ ಮಾಡಬಹುದು. ಕಣ್ಣಿರುವ ಭಾಗದ ಎರಡು ದಪ್ಪ ಗೆರಟೆ ಬೇಕು. ಮೆತ್ತಗಿನ ಕಣ್ಣನ್ನು ಚುಚ್ಚಿದರೆ ತೂತು ಸಿದ್ಧ. ಹಗ್ಗ ತೂರಿಸಿ ಒಳಗೆ ಗಂಟು ಹಾಕಿ. ಗೆರಟೆ ಕವುಚಿ ಹಾಕಿ ಮೇಲೆ ನಿಂತು, ಹಗ್ಗವನ್ನು ಕಾಲ್ಬೆರಳಿನ ಎಡೆಯಲ್ಲಿ ಹಿಡಿದು ನಡೆದರೆ ಕುದುರೆಯಂತೆ ಟಕ್ ಟಕ್ ಸದ್ದು. ಟೈಲ್ಸ್ ನೆಲದ ಮೇಲೆ ಜಾರುತ್ತದೆ, ಅಲ್ಲಿ ಬೇಡ. ಮಳೆ ಬಿಟ್ಟಾಗ ಅಂಗಳದಲ್ಲಿ ಆಡಲಿ.

ಮಕ್ಕಳೇ ಮಾಡುವ ಮೂರು ತಿಂಡಿ

ಬೆಲ್ಲದ ಅವಲಕ್ಕಿ: ಇದಕ್ಕೆ ಒಲೆಯೇ ಬೇಡ, 5 ವರ್ಷದ ಮಗುವೂ ಮಾಡಬಹುದು. ಅರ್ಧ ಲೋಟ ತೆಂಗಿನ ತುರಿ, ಕಾಲು ಲೋಟ ಪುಡಿ ಬೆಲ್ಲ, ಒಂದು ಚಿಟಿಕೆ ಏಲಕ್ಕಿ ಪುಡಿಯನ್ನು ಕೈಯಿಂದ ಚೆನ್ನಾಗಿ ಹಿಸುಕಿ. ಬೆಲ್ಲ ಕರಗಿ ರಸ ಬಿಟ್ಟ ಮೇಲೆ 2 ಲೋಟ ತೆಳು ಅವಲಕ್ಕಿ ಹಾಕಿ ಬೆರೆಸಿ 10 ನಿಮಿಷ ಮುಚ್ಚಿಡಿ. ಬಾಳೆಹಣ್ಣು ಹೆಚ್ಚಿ ಹಾಕಿದರೆ ಇನ್ನೂ ರುಚಿ.

ಪಿಂಡಿ: ಇದು ಇಡೀ ಮನೆ ಸುತ್ತ ಕೂತು ಮಾಡುವ ತಿಂಡಿ. ಒಂದೂಕಾಲು ಲೋಟ ನೀರಿಗೆ ಉಪ್ಪು ಹಾಕಿ ಕುದಿಸಿ. ಅದಕ್ಕೆ ಅರ್ಧ ಲೋಟ ತೆಂಗಿನ ತುರಿ, 1 ಲೋಟ ಹುರಿದ ಅಕ್ಕಿ ಹಿಟ್ಟು ಹಾಕಿ ತಿರುವಿ, ಮುಚ್ಚಿ ಇಳಿಸಿ. ಇಷ್ಟು ದೊಡ್ಡವರ ಕೆಲಸ. ಕೈ ತಾಳುವಷ್ಟು ಬಿಸಿಯಾದಾಗ ಚೆನ್ನಾಗಿ ನಾದಿ ಮಕ್ಕಳ ಮುಂದಿಡಿ. ಅವರು ಗೋಲಿಯಷ್ಟು ಸಣ್ಣ ಉಂಡೆ ಮಾಡಿ ನಡುವೆ ಬೆರಳಿನಿಂದ ಒಂದು ಗುಳಿ ಒತ್ತಲಿ. ಹಬೆಯಲ್ಲಿ 12ರಿಂದ 15 ನಿಮಿಷ ಬೇಯಿಸಿ. ನಿನ್ನೆಯ ಕೋಳಿ ಸಾರು ಉಳಿದಿದ್ದರೆ ಅದರಲ್ಲಿ ಹಾಕಿ ಒಂದು ಕುದಿ ಬರಿಸಿ. ಸಾರು ಇಲ್ಲವಾದರೆ ತೆಂಗಿನ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ, ಪಿಂಡಿ ಹಾಕಿ ಸಣ್ಣ ಉರಿಯಲ್ಲಿ 5 ನಿಮಿಷ ಇಡಿ. ಒಂದು ದೊಡ್ಡ ಉಂಡೆ, ಒಂದು ಸಣ್ಣದು ಆದರೆ ತಲೆಕೆಡಿಸಿಕೊಳ್ಳಬೇಡಿ. ‘ಇದು ನಾನು ಮಾಡಿದ್ದು’ ಎಂದು ತಟ್ಟೆಯಲ್ಲಿ ಹುಡುಕಿ ತಿನ್ನುವುದೇ ಅವರಿಗೆ ಮಜ.

ಬಾಳೆಹಣ್ಣಿನ ಗುಳಿಯಪ್ಪ: ಸಿಪ್ಪೆ ಕಪ್ಪಾದ ಬಾಳೆಹಣ್ಣನ್ನು ಯಾರೂ ಮುಟ್ಟುವುದಿಲ್ಲ. ಅಂಥ 2 ಹಣ್ಣನ್ನು ಮಕ್ಕಳು ಹಿಸುಕಲಿ. ಅರ್ಧ ಲೋಟ ಬೆಲ್ಲ, 1 ಲೋಟ ಗೋಧಿ ಹಿಟ್ಟು, 2 ದೊಡ್ಡ ಚಮಚ ರವೆ, ಸ್ವಲ್ಪ ತೆಂಗಿನ ತುರಿ, ಏಲಕ್ಕಿ, ಚಿಟಿಕೆ ಉಪ್ಪು, ಚಿಟಿಕೆ ಸೋಡ ಸೇರಿಸಿ, ಬೇಕಾದಷ್ಟೇ ನೀರು ಹಾಕಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಕಾಲು ಗಂಟೆ ಬಿಡಿ. ಗುಳಿಯಪ್ಪದ ಕಾವಲಿಗೆ ಸ್ವಲ್ಪ ಎಣ್ಣೆ ಸವರಿ, ಸಣ್ಣ ಉರಿಯಲ್ಲಿ ಎರಡೂ ಬದಿ ಬೇಯಿಸಿ. ಹುಯ್ಯುವುದು, ಮಗುಚುವುದು 10 ವರ್ಷ ದಾಟಿದ ಮಕ್ಕಳು, ಅದೂ ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ.

‘ಉಮ್ಮನಿಗೇ ಕೆಲಸ ಜಾಸ್ತಿ ಅಲ್ವಾ?’

ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕಾದದ್ದೇ. ಒದ್ದೆ ಬಟ್ಟೆ ಒಣಗುವುದಿಲ್ಲ, ಗ್ಯಾಸ್ ಮುಗಿಯಲು ಬಂದಿದೆ, ಅದರ ಮೇಲೆ ನೆಲದ ತುಂಬ ಹಿಟ್ಟು ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ? ಅದಕ್ಕೆ ಎರಡು ನಿಯಮ ಇಟ್ಟುಕೊಳ್ಳಿ. ಒಂದು, ದಿನಕ್ಕೆ ಒಂದೇ ಕೆಲಸ. ಎಲ್ಲವನ್ನೂ ಒಂದೇ ದಿನ ಮಾಡಲು ಹೋಗಬೇಡಿ. ಎರಡು, ಗುಡಿಸಿ ಒರೆಸಿ ಪಾತ್ರೆ ತೊಳೆದಿಟ್ಟ ಮೇಲೆಯೇ ಆಟ ಮುಗಿಯುವುದು. ಮೊದಲ ಎರಡು ಮೂರು ಸಲ ತಾಳ್ಮೆ ಬೇಕು. ಆಮೇಲೆ ಅದೇ ಮಕ್ಕಳು ಕಾಯಿ ತುರಿದು, ಬೆಳ್ಳುಳ್ಳಿ ಸುಲಿದು ಕೊಡುವಷ್ಟು ಆಗುತ್ತಾರೆ.

ಇನ್ನೊಂದು ಮಾತು. ಈ ನಿಯಮ ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಮಗಳನ್ನು ಅಡುಗೆ ಕೋಣೆಗೆ ಕರೆಯುತ್ತೇವೆ, ಮಗನಿಗೆ ತಟ್ಟೆಯನ್ನು ಕೂತಲ್ಲಿಗೇ ಕೊಡುತ್ತೇವೆ. ಅದೇ ಮಗ ನಾಳೆ ಓದಲಿಕ್ಕೆ ಬೇರೆ ಊರಿಗೆ ಹೋಗುತ್ತಾನೆ, ಇಲ್ಲವೇ ಗಲ್ಫ್‌ಗೆ ವಿಮಾನ ಹತ್ತುತ್ತಾನೆ. ಅಲ್ಲಿನ ಬ್ಯಾಚುಲರ್ ರೂಮುಗಳಲ್ಲಿ ಅಡುಗೆ ಸರದಿಯ ಪ್ರಕಾರ ನಡೆಯುತ್ತದೆ. ಇವತ್ತು ಒಬ್ಬನದು, ನಾಳೆ ಇನ್ನೊಬ್ಬನದು. ದುಡಿದು ದಣಿದು ಬಂದವನು ‘ಉಮ್ಮಾ, ಅನ್ನಕ್ಕೆ ನೀರು ಎಷ್ಟು?’ ಎಂದು ಫೋನಿನಲ್ಲಿ ಕೇಳಬೇಕಾದ ಸ್ಥಿತಿ ಯಾಕೆ? ಅಲ್ಲಿ ದುಡಿಯುತ್ತಿರುವ ನಮ್ಮ ಉಪ್ಪಂದಿರು, ಕಾಕಂದಿರು ಹೀಗೆ ತಡವಾಗಿ ಕಲಿತವರೇ. ಅವರನ್ನೇ ಕೇಳಿ ನೋಡಿ. 10 ವರ್ಷದ ಹುಡುಗ ಪಿಂಡಿ ಉಂಡೆ ಕಟ್ಟಿದರೆ ಅವನ ಮರ್ಯಾದೆ ಕಡಿಮೆಯಾಗುವುದಿಲ್ಲ, ಮುಂದೆ ಹಸಿದು ಕೂರುವುದು ತಪ್ಪುತ್ತದೆ. ಮನೆಯಲ್ಲಿ ಹೆಂಗಸರ ಕೆಲಸ ಎಷ್ಟು ಉಂಟು ಎಂದೂ ಅವನಿಗೆ ತಿಳಿಯುತ್ತದೆ.

ಸ್ವಲ್ಪ ಜಾಗ್ರತೆ

ಕುದಿಯುವ ನೀರು, ಹಬೆ, ಬಿಸಿ ಎಣ್ಣೆ, ಚೂರಿ ದೊಡ್ಡವರ ಕೈಯಲ್ಲೇ ಇರಲಿ. ಸೋಪು ನೀರನ್ನು ಕುಡಿಯುವ ಲೋಟದಲ್ಲಿ ಇಡಬೇಡಿ, ಕೆಲಸ ಮುಗಿದ ಕೂಡಲೇ ಚೆಲ್ಲಿ. ಕಡ್ಡಿಯ ಚೂಪು ತುದಿ ಕಣ್ಣಿಗೆ ತಾಗದಂತೆ ಮುರಿದು ಕೊಡಿ. ಹಸಿ ಮಡಲಿನಲ್ಲಿ ಇರುವೆ, ಹುಳ ಇರುತ್ತದೆ, ಕೊಡವಿ ಒರೆಸಿಯೇ ಒಳಗೆ ತನ್ನಿ. ಗಾಳಿ ಜೋರಾಗಿರುವಾಗ ಮಡಲು ಹೆಕ್ಕಲು ತೆಂಗಿನ ಬುಡಕ್ಕೆ ಮಕ್ಕಳನ್ನು ಕಳಿಸುವುದು ಬೇಡವೇ ಬೇಡ.

ಒಂದು ಹಳೆ ರಟ್ಟಿನ ಪೆಟ್ಟಿಗೆಯನ್ನು ಈಗಲೇ ತೆಗೆದಿಡಿ. ಅದರಲ್ಲಿ ಹಳೆ ಪತ್ರಿಕೆ, ಮದುವೆ ಕಾಗದ, ನೋಟ್ ಪುಸ್ತಕದ ರಟ್ಟು, ಹುರಿಹಗ್ಗ, ಬಟ್ಟೆ ಚೂರು, ಗುಂಡಿ, ಗೆರಟೆ ಹಾಕುತ್ತಾ ಹೋಗಿ. ಮುಂದಿನ ಮಳೆ ರಜೆಯ ಸುದ್ದಿ ಬಂದ ರಾತ್ರಿ ‘ನಾಳೆ ಏನು ಮಾಡುವುದು?’ ಎಂದು ಮಕ್ಕಳನ್ನೇ ಕೇಳಿ. ಅವರು ಹೇಳಿದ್ದರಿಂದಲೇ ಶುರುಮಾಡಿ. ಮಾಡಿದ್ದರಲ್ಲಿ ಒಂದು ಪಾಲು ನೆರೆಮನೆಯ ಮಕ್ಕಳಿಗೂ ಹೋಗಲಿ, ಅವರೇ ಮಾಡಿದ ಪೇಪರ್ ಚೀಲದಲ್ಲಿ ಅಲ್ಲ, ಮುಚ್ಚಿದ ಪಾತ್ರೆಯಲ್ಲಿ!